ಓದದೆ ಒತ್ತಿದ ಹೆಬ್ಬೆಟ್ಟು

ಪ್ರಾಜೆಕ್ಟ್ ವರದಿ ಸಲ್ಲಿಸಲು ಒಂದು ವಾರವಷ್ಟೇ ಉಳಿದಿದ್ದಾಗ ಅಂತಿಮ ವರ್ಷದ ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪನ್ನು ವಿಭಾಗಕ್ಕೆ ತಂದಳು. ಅಜ್ಜಿಯ ಬಾಯಿಂದ ಧ್ವನಿಮುದ್ರಿಸಿಕೊಂಡ ಹವ್ಯಕ ಮದುವೆಯ ಹಾಡುಗಳು, ಅವುಗಳ ಬರಹರೂಪ, ಅರ್ಧ ಮುಗಿದ ಅಧ್ಯಾಯಗಳು ಎಲ್ಲವೂ ಅದರೊಳಗೇ ಇದ್ದವು. ಯಂತ್ರವೇನೂ ಕೆಟ್ಟಿರಲಿಲ್ಲ. ಕನ್ನಡ ಬೆರಳಚ್ಚಿನ ತಂತ್ರಾಂಶವೊಂದನ್ನು ಅದು ತಡೆದಿತ್ತು. ಕಾರಣ ತಿಳಿಯಲೆಂದು ವಿಂಡೋಸಿನ ಭದ್ರತಾ ಪುಟವನ್ನು ತೆರೆದರೆ ಅಲ್ಲಿನ ಗುಂಡಿಗಳೆಲ್ಲ ಬೂದುಬಣ್ಣಕ್ಕೆ ತಿರುಗಿದ್ದವು. ಈ ವ್ಯವಸ್ಥೆ ನಿಮ್ಮ ನಿರ್ವಾಹಕರ ಕೈಯಲ್ಲಿದೆ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಮೇಲೆ ಕಾಣುತ್ತಿತ್ತು. “ಸರ್, ಇದು ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ತೆಗೆದುಕೊಟ್ಟದ್ದು. ಇದಕ್ಕೆ ನಿರ್ವಾಹಕರು ಯಾರು?” ಎಂದು ಅವಳು ಕೇಳಿದಳು.

ಹುಡುಕಿದಾಗ ಉತ್ತರ ಸಿಕ್ಕಿತು. ರಜೆಯಲ್ಲಿ ಅವಳು ಸೇರಿದ್ದ ಒಂದು ತರಬೇತಿ ಸಂಸ್ಥೆ ಅವಳಿಗೊಂದು ಮಿಂಚಂಚೆ ಖಾತೆಯನ್ನು ಕೊಟ್ಟಿತ್ತು. ಆ ಖಾತೆಯಿಂದ ಮೊದಲ ಬಾರಿ ಟೀಮ್ಸ್ ಪ್ರವೇಶಿಸಿದಾಗ, ‘ನನ್ನ ಸಾಧನವನ್ನು ನಿರ್ವಹಿಸಲು ನನ್ನ ಸಂಸ್ಥೆಗೆ ಅನುಮತಿ ನೀಡುತ್ತೇನೆ’ ಎಂಬರ್ಥದ ಚೌಕವೊಂದು ಎದುರಾಗಿತ್ತು. ಗುರುತು ಅದರಲ್ಲಿ ಮೊದಲೇ ಬಿದ್ದಿತ್ತು. ತರಗತಿ ಆರಂಭವಾಗುವ ಅವಸರದಲ್ಲಿ ಅವಳು ‘ಸರಿ’ ಎಂದು ಒತ್ತಿದ್ದಳು. ತರಬೇತಿ ಮುಗಿಯಿತು; ಸಂಸ್ಥೆ ಮಾತ್ರ ಯಂತ್ರದೊಳಗೆ ಉಳಿಯಿತು.

ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ, ಅಕ್ಷರ ಬಾರದ ಒಕ್ಕಲು ಗೇಣಿಚೀಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದುದನ್ನು ನಾವು ಮರುಕದಿಂದ ನೆನೆಯುತ್ತೇವೆ. ಆತನಿಗೆ ಓದಲು ಬರುತ್ತಿರಲಿಲ್ಲ. ನಮಗೆ ಬರುತ್ತದೆ, ಆದರೂ ಓದುವುದಿಲ್ಲ. ಒಂದು ಪದ್ಯದ ಪಾಠಾಂತರಕ್ಕಾಗಿ ಗಂಟೆಗಟ್ಟಲೆ ವಾದಿಸುವ ನಾವು, ನಮ್ಮ ಬರಹವೆಲ್ಲ ಕೂಡಿರುವ ಯಂತ್ರದ ಹಕ್ಕುಪತ್ರವನ್ನು ಕಣ್ಣುಹಾಯಿಸದೆ ಬಿಟ್ಟುಕೊಡುತ್ತೇವೆ.

ಬಿಟ್ಟುಕೊಡುವುದು ಸಣ್ಣ ವಸ್ತುವನ್ನಲ್ಲ. ಸಂಸ್ಥೆಯ ನಿರ್ವಹಣಾ ವ್ಯವಸ್ಥೆಯಲ್ಲಿ ಯಂತ್ರ ನೋಂದಣಿಯಾದರೆ ಗುಪ್ತಪದ ಎಷ್ಟು ಉದ್ದವಿರಬೇಕು, ಯಾವ ತಂತ್ರಾಂಶ ನಡೆಯಬೇಕು, ವೈರಸ್ ರಕ್ಷಣೆ ಹೇಗಿರಬೇಕು ಎಂಬುದನ್ನು ಸಂಸ್ಥೆ ನಿರ್ಧರಿಸಬಲ್ಲದು. ದೂರದಿಂದಲೇ ಯಂತ್ರವನ್ನು ಅಳಿಸುವ ಅಧಿಕಾರವೂ ಅದಕ್ಕೆ ದೊರೆಯಬಹುದು. ಡಿಸ್ಕಿನ ಗೂಢಲಿಪೀಕರಣವನ್ನು ಬಿಡಿಸುವ 48 ಅಂಕಿಗಳ ಬಿಟ್‌ಲಾಕರ್ ಕೀಲಿ ಕೂಡ ಸಂಸ್ಥೆಯ ಖಾತೆಯಲ್ಲೇ ಸೇರಿರುವ ಸಂಭವವಿದೆ. ಮುಂದೊಂದು ದಿನ ಯಂತ್ರ ಆ ಕೀಲಿಯನ್ನು ಕೇಳಿ, ಅಷ್ಟರಲ್ಲಿ ಸಂಸ್ಥೆ ಖಾತೆಯನ್ನು ಮುಚ್ಚಿಬಿಟ್ಟಿದ್ದರೆ ಅಜ್ಜಿಯ ಹಾಡುಗಳು ಮತ್ತೆ ಕೈಗೆ ಸಿಗಲಾರವು.

ಆದ್ದರಿಂದ ಬಿಡಿಸುವಾಗ ಕ್ರಮ ಮುಖ್ಯ. ಮೊದಲು ನಮ್ಮ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿಕೊಂಡೆವು. ಬಿಟ್‌ಲಾಕರ್ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿಟ್ಟೆವು. ಯಂತ್ರದಲ್ಲಿ ಅವಳದೇ ಆದ, ಪೂರ್ಣ ಅಧಿಕಾರವುಳ್ಳ ಇನ್ನೊಂದು ಖಾತೆ ಇದೆಯೆಂದು ಖಚಿತಪಡಿಸಿಕೊಂಡೆವು. ಅನಂತರವೇ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ ಎಂಬಲ್ಲಿಗೆ ಹೋಗಿ, ಸಂಸ್ಥೆಯ ಹೆಸರನ್ನು ಆರಿಸಿ, ‘ಡಿಸ್ಕನೆಕ್ಟ್’ ಒತ್ತಿದೆವು. ಯಂತ್ರವನ್ನು ಮರಳಿ ಚಾಲೂ ಮಾಡಿದಾಗ ಗುಂಡಿಗಳಿಗೆ ಜೀವ ಬಂದಿತ್ತು.

ಎಲ್ಲ ಬೀಗಗಳೂ ಹೀಗೆ ಸುಲಭವಾಗಿ ತೆರೆಯುವುದಿಲ್ಲ. ಬೇರೊಂದು ವೈರಸ್ ನಿರೋಧಕವಿದ್ದರೆ ಕೆಲವು ಗುಂಡಿಗಳು ಅದರ ವಶದಲ್ಲಿರುತ್ತವೆ. ಕಳ್ಳ ಪರವಾನಗಿ ಕೊಡಿಸುವ ತಂತ್ರಾಂಶಗಳೂ ಇಂತಹ ನಿರ್ಬಂಧಗಳನ್ನು ಬಿಟ್ಟುಹೋಗುತ್ತವೆ. ಆಗ ಸಂಸ್ಥೆಯೇ ಇಲ್ಲದ ಯಂತ್ರವೂ ‘ನಿಮ್ಮ ಸಂಸ್ಥೆ’ ಎನ್ನುತ್ತದೆ. ಕಂಪನಿಯೊಂದು ಬಳಸಿ ಮಾರಿದ ಹಳೆಯ ಯಂತ್ರ ಆ ಕಂಪನಿಯ ಪಟ್ಟಿಯಲ್ಲಿ ಉಳಿದಿದ್ದರೆ, ವಿಂಡೋಸನ್ನು ಹೊಸದಾಗಿ ಹಾಕಿದರೂ ಬಿಡುಗಡೆಯಿಲ್ಲ. ಹೆಸರನ್ನು ತೆಗೆಯಬೇಕಾದವರು ಆ ಕಂಪನಿಯವರೇ. ವಿಡಿಯೋ ನೋಡಿ ರಿಜಿಸ್ಟ್ರಿಯನ್ನು ತಿದ್ದಲು ಹೊರಡುವುದು ಬೀಗ ತೆರೆಯಲು ಗೋಡೆ ಒಡೆದಂತೆ.

ಸಂಸ್ಥೆಗಳದೂ ಒಂದು ನ್ಯಾಯವಿದೆ. ತನ್ನ ದುಡ್ಡಿನ ಗಣಕಗಳಿಗೆ, ಪರೀಕ್ಷೆಯ ದಾಖಲೆಗಳಿಗೆ, ಸಿಬ್ಬಂದಿಯ ಮಿಂಚಂಚೆಗೆ ಅದು ಬೀಗ ಹಾಕಲೇಬೇಕು. ಆದರೆ ವಿದ್ಯಾರ್ಥಿಯ ಮನೆಯಿಂದ ಬಂದ ಯಂತ್ರಕ್ಕೆ ಆ ಬೀಗ ಸಲ್ಲದು. ಒಂದು ತರಗತಿಯನ್ನು ಕೇಳಲು ಇಡೀ ಯಂತ್ರದ ಯಜಮಾನಿಕೆ ಬೇಕಿಲ್ಲ. ಅದೇ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೇಡ, ಈ ಆ್ಯಪಿಗೆ ಮಾತ್ರ ಪ್ರವೇಶಿಸುತ್ತೇನೆ’ ಎಂಬರ್ಥದ ಸಾಲೊಂದಿರುತ್ತದೆ. ಅದನ್ನು ಆರಿಸಿದರೆ ಸಾಮಾನ್ಯವಾಗಿ ತರಗತಿಯೂ ನಡೆಯುತ್ತದೆ, ಯಂತ್ರವೂ ನಮ್ಮದಾಗಿಯೇ ಇರುತ್ತದೆ. ಆ ಸಾಲು ಸಣ್ಣದಾಗಿರುವುದೂ ಒಪ್ಪಿಗೆಯ ಗುರುತು ಮೊದಲೇ ಬಿದ್ದಿರುವುದೂ ನನ್ನ ಆಕ್ಷೇಪಕ್ಕೆ ಮುಖ್ಯ ಕಾರಣ. ಕೇಳಿ ಪಡೆಯುವುದು ಒಪ್ಪಿಗೆ. ಮೊದಲೇ ಬರೆದಿಟ್ಟು ಕೈಗೆ ಕೊಡುವುದು ಒಪ್ಪಿಗೆಯಲ್ಲ.

ಇಲ್ಲಿಯೇ ನಮ್ಮ ಭಾಷೆಯ ಪ್ರಶ್ನೆ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 6ನೆಯ ಸೆಕ್ಷನ್, ಒಪ್ಪಿಗೆಯನ್ನು ಕೋರುವ ಮನವಿ ಸ್ಪಷ್ಟವಾದ ಸರಳ ಭಾಷೆಯಲ್ಲಿರಬೇಕು, ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಒಪ್ಪಿಗೆಯನ್ನು ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂಬ ಮಾತೂ ಅಲ್ಲಿದೆ. ಈ ಕಾಯಿದೆ ವೈಯಕ್ತಿಕ ಮಾಹಿತಿಯನ್ನು ಕುರಿತದ್ದು, ಯಂತ್ರದ ಹಿಡಿತವನ್ನು ನೇರವಾಗಿ ಕುರಿತದ್ದಲ್ಲ. ಆದರೆ ಹೆಸರು, ದೂರವಾಣಿ ಸಂಖ್ಯೆಗಳಿಗೇ ಇಷ್ಟು ಎಚ್ಚರ ಬೇಕೆಂದಾದರೆ, ಅವೆಲ್ಲವನ್ನೂ ಒಳಗೊಂಡ ಯಂತ್ರಕ್ಕೆ ಕಡಿಮೆ ಎಚ್ಚರ ಸಾಕೆನ್ನಲು ಬರುವುದಿಲ್ಲ.

ಈ ತತ್ತ್ವ ಕನ್ನಡವನ್ನು ಯಾವ ರಾಜ್ಯಕ್ಕೂ ಕಟ್ಟಿಹಾಕಿಲ್ಲ ಎಂಬುದು ಗಡಿನಾಡಿನ ನಮಗೆ ಮುಖ್ಯವಾದ ಸಂಗತಿ. ರೇಷನ್ ಕಾರ್ಡಿನ ಅರ್ಜಿ ಕನ್ನಡದಲ್ಲಿ ಬೇಕೆಂದು ಕೇಳುವ ನಾವು, ಖಾತೆಯ ಷರತ್ತುಗಳು ಕನ್ನಡದಲ್ಲಿ ಬೇಕೆಂದು ಇನ್ನೂ ಕೇಳಿಲ್ಲ.

ಕೆಲಸವನ್ನು ನಮ್ಮ ಕಾಲೇಜಿನಿಂದಲೇ ಆರಂಭಿಸಬಹುದು. ಹೊಸ ವಿದ್ಯಾರ್ಥಿಗೆ ಖಾತೆ ಕೊಡುವ ದಿನ ಅದರೊಂದಿಗೆ ಒಂದು ಪುಟದ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಕೊಡಲಿ: ಈ ಖಾತೆ ನಿಮ್ಮ ಯಂತ್ರದಲ್ಲಿ ಏನು ಮಾಡಬಲ್ಲದು, ಏನನ್ನು ಒತ್ತಬಾರದು, ಓದು ಮುಗಿದ ಮೇಲೆ ಬಿಡಿಸಿಕೊಳ್ಳುವುದು ಹೇಗೆ. ಆ ಪುಟವನ್ನು ಬರೆಯುವ ಹೊಣೆಯನ್ನು ಕನ್ನಡ ವಿಭಾಗವೇ ಹೊರಲಿ. ತಾಂತ್ರಿಕ ಷರತ್ತನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವುದು ಐಚ್ಛಿಕ ಕನ್ನಡದವರಿಗಲ್ಲದೆ ಇನ್ನಾರಿಗೆ ಸಲ್ಲುವ ಕೆಲಸ?

ಆ ವಿದ್ಯಾರ್ಥಿನಿ ವರದಿಯನ್ನು ಗಡುವಿನೊಳಗೆ ಒಪ್ಪಿಸಿದಳು. ಮುದ್ರಿಸಿದ ಕೀಲಿಯ ಕಾಗದವನ್ನು ಮನೆಯಲ್ಲಿ ಜಾಗದ ಪಟ್ಟೆಯ ಜೊತೆ ಇಟ್ಟಿದ್ದಾಳಂತೆ. ಅದು ಇರಬೇಕಾದ ಸ್ಥಳ ಅದೇ.