ಪಿ.ಜಿ. ಡಾಕ್ಟರಿಗೂ ಪಾಳಿ ಬೇಕು

ಆಸ್ಪತ್ರೆಯ ವಾರ್ಡಿನಲ್ಲಿ ದಿನಕ್ಕೆ ಮೂರು ಸಲ ಸಿಸ್ಟರ್‌ಗಳು ಬದಲಾಗುತ್ತಾರೆ. ಬೆಳಿಗ್ಗೆ ಎಂಟಕ್ಕೆ ಬಂದವರು ಮಧ್ಯಾಹ್ನ ಎರಡಕ್ಕೆ ಹೋಗುತ್ತಾರೆ, ಎರಡಕ್ಕೆ ಬಂದವರು ರಾತ್ರಿ ಎಂಟಕ್ಕೆ, ರಾತ್ರಿಯವರು ಮಾರನೆಯ ಬೆಳಿಗ್ಗೆ. ಸರ್ಕಾರಿ ಸ್ಟಾಫ್ ನರ್ಸ್ ಆಗಿ ನಿವೃತ್ತಿಯವರೆಗೂ ನಾನು ಬದುಕಿದ್ದು ಈ ಗಡಿಯಾರದ ಲೆಕ್ಕದಲ್ಲೇ. ಅದರಲ್ಲಿ ಬಹುಪಾಲು ಒಂದು ದೊಡ್ಡ ಬೋಧನಾ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ. ನೈಟ್ ಡ್ಯೂಟಿ ಮುಗಿಸಿ, ಚಾರ್ಜ್ ಕೊಟ್ಟು, ಮನೆಗೆ ಹೋಗಿ ಮಲಗಿ ಎದ್ದು ಮತ್ತೆ ರಾತ್ರಿ ಬಂದರೆ ಅದೇ ಪಿ.ಜಿ. ಹುಡುಗ ಅದೇ ಅಂಗಿಯಲ್ಲಿ ಕೇಸ್ ಶೀಟ್ ಬರೆಯುತ್ತ ಕೂತಿರುತ್ತಿದ್ದ. "ಊಟ ಆಯ್ತಾ ಸಾರ್?" ಅಂದರೆ, "ಮಧ್ಯಾಹ್ನದ್ದಾ ಸಿಸ್ಟರ್, ರಾತ್ರಿದಾ?" ಎಂದು ಕೇಳುತ್ತಿದ್ದ.

ಎಂಬಿಬಿಎಸ್ ಮುಗಿಸಿ ಎಂ.ಡಿ., ಎಂ.ಎಸ್. ಓದಲು ಬರುವವರನ್ನು ವಾರ್ಡಿನಲ್ಲಿ ಪಿ.ಜಿ. ಅನ್ನುತ್ತೇವೆ, ಕಾಗದದಲ್ಲಿ ಅವರು ರೆಸಿಡೆಂಟ್ ವೈದ್ಯರು. ಓದುವವರೂ ಅವರೇ, ದುಡಿಯುವವರೂ ಅವರೇ. ರಾತ್ರಿ ಹನ್ನೆರಡರ ಮೇಲೆ ಸರ್ಕಾರಿ ಬೋಧನಾ ಆಸ್ಪತ್ರೆಗೆ ಹೋದರೆ ನಿಮ್ಮ ನಾಡಿ ಹಿಡಿಯುವವರು ಬಹುಮಟ್ಟಿಗೆ ಇವರೇ. ಇಪ್ಪತ್ತೈದು, ಇಪ್ಪತ್ತಾರರ ಮಕ್ಕಳು.

ಇವರನ್ನು ಎಷ್ಟು ಹೊತ್ತು ದುಡಿಸಬಹುದು ಎನ್ನುವುದಕ್ಕೆ ನಿಯಮ ಇಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್ 5ರಂದೇ ನಿರ್ದೇಶನ ಹೊರಡಿಸಿತ್ತು: ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ, ಸರದಿಯ ಮೇಲೆ ವಾರಕ್ಕೊಂದು ರಜೆ. ನಾನು ಕಂಡ ಯಾವ ವಾರ್ಡಿನಲ್ಲೂ ಅದು ನಡೆಯಲಿಲ್ಲ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ಸ್ನಾತಕೋತ್ತರ ನಿಯಮಾವಳಿ ತಂದಾಗ ಗಂಟೆಯ ಲೆಕ್ಕವೇ ಹೋಗಿ 'ಸಮಂಜಸ ಅವಧಿಯ ಕೆಲಸ, ಸಮಂಜಸ ವಿಶ್ರಾಂತಿ' ಎಂದಾಯಿತು. ಮರುವರ್ಷ ಆಯೋಗದ್ದೇ ಕಾರ್ಯಪಡೆ, ವಾರಕ್ಕೆ 74 ಗಂಟೆ ಮೀರಬಾರದು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಸಿಗಬೇಕು ಎಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷದಲ್ಲಿ 48 ಹೋಗಿ 74 ಆಯಿತು. ಆ 74 ಸಿಕ್ಕರೂ ಸಾಕು ಎಂದು ಮಕ್ಕಳು ಕಾಯುವ ಸ್ಥಿತಿಗೆ ತಂದಿದ್ದೇವೆ.

ಅದೇ ಕಾರ್ಯಪಡೆಯ ಸಮೀಕ್ಷೆಗೆ ಐದು ಸಾವಿರಕ್ಕೂ ಹೆಚ್ಚು ಪಿ.ಜಿ.ಗಳು ಉತ್ತರ ಕೊಟ್ಟಿದ್ದರು. ಅವರಲ್ಲಿ ನೂರಕ್ಕೆ 31 ಮಂದಿ, ತಮಗೆ ಜೀವ ತೆಗೆದುಕೊಳ್ಳುವ ಯೋಚನೆ ಬಂದಿತ್ತು ಎಂದಿದ್ದಾರೆ. ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು. ವಾರ್ಡಿನ ಔಷಧಿ ಬೀರುವಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು ನಾನು. ಆ ಸಂಖ್ಯೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಇನ್ನು ಮಲಗುವ ಜಾಗದ ಮಾತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ಆ ಪಿ.ಜಿ. ಹೆಣ್ಣುಮಗಳು ದೀರ್ಘ ಡ್ಯೂಟಿಯ ನಡುವೆ ಒಂದಿಷ್ಟು ಮಲಗಲು ಆರಿಸಿಕೊಂಡದ್ದು ಸೆಮಿನಾರ್ ಹಾಲನ್ನು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಮಂಚ. ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಪಿ.ಜಿ.ಗಳಿಗೆ ಅದಿದೆ?

"ನಾವೂ ಹಾಗೇ ಕಲಿತಿದ್ದು" ಎಂದು ಹಿರಿಯ ವೈದ್ಯರು ಹೇಳುತ್ತಾರೆ. ಅವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ಕಾಲದ ವಾರ್ಡನ್ನೂ ಕಂಡಿದ್ದೇನೆ. ಐಸಿಯು ಇಷ್ಟು ದೊಡ್ಡದಿರಲಿಲ್ಲ, ಒಬ್ಬ ರೋಗಿಗೆ ಇಷ್ಟೊಂದು ಔಷಧಿ, ಇಷ್ಟೊಂದು ರಿಪೋರ್ಟು ಇರಲಿಲ್ಲ. ಇನ್ನೊಂದು ವಾದ, ಪಾಳಿ ಬದಲಾದರೆ ರೋಗಿಯ ವಿವರ ಕೈತಪ್ಪುತ್ತದೆ, ಕೊನೆತನಕ ಒಬ್ಬರೇ ನೋಡಬೇಕು ಎನ್ನುವುದು. ಈ ಮಾತಿಗೆ ಉತ್ತರ ಕೊಡುವ ಹಕ್ಕು ಸಿಸ್ಟರ್‌ಗಳಿಗೆ ಇದೆ. ದಿನಕ್ಕೆ ಮೂರು ಸಲ ನಾವು ಚಾರ್ಜ್ ಕೊಡುತ್ತೇವೆ. ಹಾಸಿಗೆ ಹಾಸಿಗೆಗೂ ಹೋಗಿ, ಡ್ರಿಪ್ ಎಷ್ಟು ಉಳಿದಿದೆ, ಮೂತ್ರ ಎಷ್ಟು ಹೋಗಿದೆ, ಯಾರ ಉಸಿರಿನ ಮೇಲೆ ಕಣ್ಣಿಡಬೇಕು ಎಂದು ಬಾಯಲ್ಲಿ ಹೇಳಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಹೋಗುತ್ತೇವೆ. ಅದು ಕಲಿಸಬಹುದಾದ ಕೆಲಸ. ಡಾಕ್ಟರುಗಳಿಗೂ ಮೊದಲ ವರ್ಷದಲ್ಲೇ ಕಲಿಸಿ.

ಬಾಸ್ಟನ್ನಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಳೆಯ ಪದ್ಧತಿಯ ದೀರ್ಘ ಪಾಳಿಯಲ್ಲಿ ದುಡಿದ ಕಿರಿಯ ವೈದ್ಯರಿಂದ ಗಂಭೀರ ತಪ್ಪುಗಳು ನೂರಕ್ಕೆ 36ರಷ್ಟು ಹೆಚ್ಚಾಗಿದ್ದವು. ಮುಂದೆ ಬಂದ ದೊಡ್ಡ ಅಧ್ಯಯನಗಳು ಇಷ್ಟು ಸ್ಪಷ್ಟ ಉತ್ತರ ಕೊಡಲಿಲ್ಲ ನಿಜ. ಆದರೆ ಆ ಅಧ್ಯಯನಗಳು ನಡೆದದ್ದು ವಾರಕ್ಕೆ 80 ಗಂಟೆಯ ಮಿತಿಯನ್ನು ನಿಜವಾಗಿ ಜಾರಿ ಮಾಡಿದ ದೇಶದಲ್ಲಿ.

ನಿದ್ದೆ ಅರ್ಧ ಮಾತು. ಉಳಿದರ್ಧ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಹಿರಿಯರು. ಒಂದು ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದ್ದ ಹೆಂಗಸನ್ನು ಹೊಟ್ಟೆನೋವು ಎಂದು ಕರೆತಂದಿದ್ದರು. ಕಚ್ಚಿದ ಗುರುತಿಲ್ಲ, ಬಾವಿಲ್ಲ. ಡ್ಯೂಟಿಯಲ್ಲಿದ್ದದ್ದು ನಗರದಲ್ಲಿ ಬೆಳೆದ ಮೊದಲ ವರ್ಷದ ಪಿ.ಜಿ. ಹೆಂಗಸಿನ ರೆಪ್ಪೆ ಜೋತುಬೀಳುತ್ತಿರುವುದನ್ನು ನಾನು ತೋರಿಸಿದೆ. ಕಾಡಂಚಿನಲ್ಲಿ ಹುಟ್ಟಿದವಳು ನಾನು, ಕಟ್ಟುಹಾವಿನ ನೆನಪು ಬಂತು. ಹುಡುಗ ಫೋನ್ ಕೈಯಲ್ಲಿ ಹಿಡಿದು ನಿಂತ. "ಇಷ್ಟಕ್ಕೆಲ್ಲ ಎಬ್ಬಿಸಿದ್ರೆ ಬೈತಾರೆ ಸಿಸ್ಟರ್." "ಬೈದ್ರೆ ನನ್ನ ಹೆಸರು ಹೇಳಿ ಸಾರ್, ಮಾಡಿ" ಅಂದೆ. ಅವತ್ತಿನ ಹಿರಿಯರು ಒಳ್ಳೆಯವರು. ಓಡಿ ಬಂದರು, ಉಸಿರು ನಿಲ್ಲುವ ಮೊದಲೇ ನಳಿಕೆ ಹಾಕಿ, ಪ್ರತಿವಿಷ ಕೊಟ್ಟು, ಎಲ್ಲ ಮುಗಿದ ಮೇಲೆ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಹೇಳಿಕೊಟ್ಟರು. ಹೆಂಗಸು ನಡೆದುಕೊಂಡು ಮನೆಗೆ ಹೋದಳು. ಅದು ಶಿಕ್ಷಣ. ಬೇರೊಂದು ರಾತ್ರಿ ಹೀಗೇ ಫೋನ್ ಮಾಡಿದ ಹುಡುಗಿಯನ್ನು, ಬೆಳಗಿನ ರೌಂಡ್ಸಿನಲ್ಲಿ ಹಿರಿಯರೊಬ್ಬರು ರೋಗಿಗಳ ಎದುರೇ "ನಿನಗೆ ಸೀಟು ಕೊಟ್ಟವರಾರು" ಎಂದು ಕೇಳಿದ್ದನ್ನೂ ನೋಡಿದ್ದೇನೆ. ಮುಂದೆ ಅವಳು ಫೋನ್ ಮಾಡುವುದನ್ನೇ ಬಿಟ್ಟಳು. ಅದರ ಬೆಲೆ ತೆರುವವರು ಹಾಸಿಗೆಯ ಮೇಲಿರುವವರು.

ಇದೆಲ್ಲ ಪುಣಜನೂರಿಗೇಕೆ ಎಂದು ಕೇಳಬಹುದು. ನಮ್ಮೂರು ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿದೆ. ಒಂದು ಪಕ್ಕ ಬಿಳಿಗಿರಿರಂಗನ ಬೆಟ್ಟದ ಹುಲಿಕಾಡು, ಮುಂದೆ ಚೆಕ್‌ಪೋಸ್ಟ್, ಅದರಾಚೆ ತಮಿಳುನಾಡು. ಕಾಡೊಳಗೆ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು. ಚಾಮರಾಜನಗರಕ್ಕೆ 2016ರಲ್ಲಿ ಮೆಡಿಕಲ್ ಕಾಲೇಜು ಬಂತು, 2021ರ ಅಕ್ಟೋಬರ್‌ನಲ್ಲಿ ಯಡಬೆಟ್ಟದ ತಪ್ಪಲಿನ ಹೊಸ ಬೋಧನಾ ಆಸ್ಪತ್ರೆಯನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರೇ ಬಂದು ಉದ್ಘಾಟಿಸಿದರು. ಅದು ನಮಗೆ ದೊಡ್ಡ ಬಲ. ಆದರೆ ಪೋಡಿನ ತನಕ ತಜ್ಞ ವೈದ್ಯರ ಕಾಲು ಬರಬೇಕಾದರೆ ಅವರು ಓದುವ ಕಾಲದಲ್ಲೇ ಒಮ್ಮೆ ಈ ದಾರಿ ನೋಡಿರಬೇಕು.

ಅದಕ್ಕೊಂದು ದಾರಿ ಕಾನೂನಿನಲ್ಲೇ ಇದೆ. 2020ರಲ್ಲಿ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ ಬಂತು. ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆ, ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕಲಿಯಬೇಕು. ವಸತಿ, ವಾಹನ, ಭದ್ರತೆ ರಾಜ್ಯ ಸರ್ಕಾರದ ಹೊಣೆ. ತಮ್ಮ ಕಾಲೇಜಿನ ಅಧ್ಯಾಪಕರೊಂದಿಗೆ ಫೋನಿನಲ್ಲಿ ಸಂಪರ್ಕ ಇರಬೇಕು. ಬರೆದದ್ದೆಲ್ಲ ಚೆನ್ನಾಗಿದೆ. ಆದರೆ ಈ ಮೂರು ತಿಂಗಳು ಜಿಲ್ಲಾ ಕೇಂದ್ರದಲ್ಲಿ ಖಾಲಿ ಹುದ್ದೆ ತುಂಬುವ ಕೆಲಸವಾಗಬಾರದು. ವಾರಕ್ಕೆ ಒಂದು ದಿನವಾದರೂ ಆ ಮಕ್ಕಳನ್ನು ಜೀಪಿನಲ್ಲಿ ಪೋಡಿಗೆ ಕರೆತನ್ನಿ. ಮೈಕೈ ನೋವು ಎಂದು ಪದೇಪದೇ ಬರುವ ಸೋಲಿಗ ಹುಡುಗನಲ್ಲಿ ಸಿಕಲ್ ಸೆಲ್ ಕಾಯಿಲೆ ಇರಬಹುದೆಂದು ಪುಸ್ತಕ ಹೇಳುತ್ತದೆ, ಅವನು ಮಾತ್ರೆ ನಿಲ್ಲಿಸಿದ್ದೇಕೆ ಎನ್ನುವುದನ್ನು ಅವನ ಅವ್ವ ಹೇಳಬೇಕು. ಕೊಳಕುಮಂಡಲ ಕಚ್ಚಿದವನ ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದು ತಿಳಿಯುವುದಕ್ಕೆ ಯಾವ ದೊಡ್ಡ ಯಂತ್ರವೂ ಬೇಡ. ಅದನ್ನು ತನ್ನ ಕೈಯಾರೆ ಮಾಡಿದ ಪಿ.ಜಿ. ಮರೆಯುವುದಿಲ್ಲ. ಡಾ. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ಸೋಲಿಗರ ನಡುವೆಯೇ ಉಳಿದರು. ಅಂಥವರು ಎಲ್ಲರೂ ಆಗಲಾರರು, ಆಗಬೇಕೆಂದು ಕೇಳುವುದೂ ನ್ಯಾಯವಲ್ಲ. ಮೂರು ತಿಂಗಳು ಚೆನ್ನಾಗಿ ನೋಡಿಕೊಂಡರೆ ಹತ್ತರಲ್ಲಿ ಒಬ್ಬರು ತಾವಾಗಿ ತಿರುಗಿ ಬಂದಾರು ಎಂಬ ಆಸೆ ನನ್ನದು. ನಿದ್ದೆಗೆಟ್ಟು, ಬೈಸಿಕೊಂಡು, ಬೀಗವಿಲ್ಲದ ಕ್ವಾರ್ಟರ್ಸಿನಲ್ಲಿ ದಿನ ಎಣಿಸಿ ಹೋದವರು ಬರುವುದಿಲ್ಲ.

ವೈದ್ಯಕೀಯ ಶಿಕ್ಷಣ ಇಲಾಖೆಯನ್ನು ನಾನು ಕೇಳುವುದು ಇಷ್ಟು. ಪಿ.ಜಿ.ಗಳ ಡ್ಯೂಟಿ ಪಟ್ಟಿಯನ್ನು ಸಿಸ್ಟರ್‌ಗಳ ಡ್ಯೂಟಿ ಪಟ್ಟಿಯ ಪಕ್ಕದಲ್ಲೇ, ಗಂಟೆಯ ಲೆಕ್ಕದ ಸಮೇತ, ಪ್ರತಿ ವಾರ್ಡಿನ ಗೋಡೆಗೆ ಅಂಟಿಸಿ. ಆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬ ಹಿರಿಯರ ಹೆಸರೂ ನಂಬರೂ ಅದರಲ್ಲಿರಲಿ. ರೋಗಿಯ ಕಡೆಯವರೂ ಅದನ್ನು ಓದಲಿ. ಒಬ್ಬರ ಹೆಸರು ಸತತವಾಗಿ ಮೂರು ಪಾಳಿಯಲ್ಲೂ ಕಂಡರೆ ಆಸ್ಪತ್ರೆಯ ಮುಖ್ಯಸ್ಥರು ಅಂದೇ ಲಿಖಿತ ಕಾರಣ ಕೊಡುವಂತೆ ಆದೇಶ ಮಾಡಿ.