ಹಳ್ಳದ ನಾಡಿ ನೋಡುವ ಕಾಯಕ

ಕಾಯಿಲೆ ಬಿದ್ದವರ ನಾಡಿ ನೋಡುವ ಪದ್ಧತಿ ನಮ್ಮಲ್ಲಿ ಬಹು ಹಿಂದಿನಿಂದ ಇದೆ. ಊರಿನ ಹಳ್ಳದ ನಾಡಿ ನೋಡುವ ಪದ್ಧತಿ ಮಾತ್ರ ಇಲ್ಲ. ನೀರು ತಿಳಿಯಾಗಿದ್ದರೆ ಹಳ್ಳ ಚೆನ್ನಾಗಿದೆ ಎನ್ನುತ್ತೇವೆ. ಮೂಗು ಮುಚ್ಚಿಕೊಂಡು ದಾಟುವ ಸ್ಥಿತಿ ಬಂದಾಗ ಕೆಟ್ಟಿತು ಎನ್ನುತ್ತೇವೆ. ಇವೆರಡರ ನಡುವೆ ಹಳ್ಳವು ವರ್ಷಗಟ್ಟಲೆ ನರಳಿರುತ್ತದೆಂಬುದು ನಮ್ಮ ಅರಿವಿಗೆ ಬರುವುದೇ ಇಲ್ಲ.

ವೃಷಭಾವತಿಯನ್ನು ನೆನೆಯೋಣ. ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿತೆಂದು ಜನ ನಂಬಿದ, ಆ ಬಸವನ ಹೆಸರನ್ನೇ ಹೊತ್ತ ತೊರೆ ಅದು. ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡುತ್ತದೆ. ಇಂದು ಅದರಲ್ಲಿ ಹರಿಯುವುದು ಬಹುಪಾಲು ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ. ಅದು ಕೆಟ್ಟಿದೆಯೆನ್ನಲು ಈಗ ಯಾವ ಪರೀಕ್ಷೆಯೂ ಬೇಕಿಲ್ಲ. ಪರೀಕ್ಷೆ ಬೇಕಾಗಿದ್ದುದು ನೀರು ಇನ್ನೂ ತಿಳಿಯಾಗಿ ಕಾಣುತ್ತಿದ್ದ ದಿನಗಳಲ್ಲಿ. ನಮ್ಮ ಊರುಗಳ ಹಳ್ಳಗಳಲ್ಲಿ ಹಲವು ಇಂದಿಗೂ ಆ ಹಂತದಲ್ಲಿಯೇ ಇವೆ.

ಪ್ರಯೋಗಾಲಯದ ಪರೀಕ್ಷೆ ಅಗತ್ಯವೇ ಸರಿ. ಸ್ನಾನಯೋಗ್ಯವಾದ ಹೊಳೆ-ಹಳ್ಳಗಳ ಪ್ರತಿ ಲೀಟರ್ ನೀರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಜೈವಿಕ ಆಮ್ಲಜನಕದ ಬೇಡಿಕೆ 3 ಮಿಲಿಗ್ರಾಂ ಮೀರಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಆದರೆ ಶೀಷೆಯಲ್ಲಿ ತುಂಬಿಕೊಂಡ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಸೋಮವಾರದ ಮಳೆಗೆ ಹೊಲದ ಕೀಟನಾಶಕ ಕೊಚ್ಚಿಬಂದು, ಗುರುವಾರ ನಾವು ಶೀಷೆ ತುಂಬಿದರೆ ಅದರಲ್ಲಿ ಏನೂ ಕಾಣದೆ ಹೋಗಬಹುದು. ತಿಂಗಳುಗಟ್ಟಲೆ ಹಳ್ಳದಲ್ಲಿಯೇ ಬಾಳುವ ಸಣ್ಣ ಜೀವಿಗಳಾದರೋ ಆ ವಿಷವನ್ನು ಉಂಡಿರುತ್ತವೆ. ಆದುದರಿಂದ ಹಳ್ಳದ ಆರೋಗ್ಯಕ್ಕೆ ಅವುಗಳ ಸಾಕ್ಷ್ಯವನ್ನೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಹರಿಯುವ ನೀರಿನಲ್ಲಿನ ಕಲ್ಲನ್ನು ಮೆಲ್ಲನೆ ಎತ್ತಿ ಅದರ ತಳ ನೋಡಿದರೆ ಈ ಸಾಕ್ಷಿಗಳು ಸಿಗುತ್ತವೆ. ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆಗಳಿರುವ ಮೇಫ್ಲೈ ಮರಿ, ಎರಡೇ ಎಳೆಗಳಿರುವ ಸ್ಟೋನ್‌ಫ್ಲೈ ಮರಿ, ಮರಳಿನ ಕಣ ಮತ್ತು ಎಲೆಚೂರುಗಳನ್ನು ತನ್ನ ರೇಷ್ಮೆಯಿಂದ ಅಂಟಿಸಿ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್‌ಫ್ಲೈ ಮರಿ—ಇವುಗಳಲ್ಲಿ ಹೆಚ್ಚಿನವು ಆಮ್ಲಜನಕ ತುಂಬಿದ ಶುದ್ಧ ನೀರನ್ನೇ ಬಯಸುತ್ತವೆ. ಕೊಳಚೆ ಸೇರಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೊದಲು ಅಳಿಯುವವು ಈ ಮರಿಗಳೇ. ಅನಂತರ ಕೆಸರಿನಲ್ಲಿ ಕೆಂಪು ಹುಳುಗಳು ಮಾತ್ರ ಉಳಿಯುತ್ತವೆ. ಆಮ್ಲಜನಕ ಕಡಿಮೆಯಿದ್ದರೂ ಬದುಕಲು ನೆರವಾಗುವ ಹಿಮೋಗ್ಲೋಬಿನ್ ಅವುಗಳಲ್ಲಿರುವುದೇ ಆ ಕೆಂಪಿಗೆ ಕಾರಣ. ಮಂಡಳಿಯೂ ಇಂಥ ಜೀವಿಗಳನ್ನು ಆಧರಿಸಿ ನೀರನ್ನು ಶುದ್ಧದಿಂದ ತೀವ್ರ ಮಲಿನದವರೆಗೆ ಐದು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನು ರೂಪಿಸಿದೆ.

ಇದಕ್ಕೆ ದುಬಾರಿ ಉಪಕರಣ ಬೇಡ. ಒಂದು ಜರಡಿ, ಒಂದು ಬಿಳಿಯ ತಟ್ಟೆ, ಒಂದು ಪುಸ್ತಕ ಸಾಕು. ಊರಿಗಿಂತ ಮೇಲೊಂದು ಕಡೆ, ಊರು ದಾಟಿದ ಮೇಲೊಂದು ಕಡೆ, ಒಂದೇ ದಿನ ನೋಡಬೇಕು. ಕಲ್ಲುಗಳನ್ನು ಕೈಯಿಂದ ಉಜ್ಜಿ, ಕೆಳಗೆ ಹಿಡಿದ ಜರಡಿಗೆ ಬಿದ್ದ ಜೀವಿಗಳನ್ನು ತಟ್ಟೆಯ ನೀರಿಗೆ ಬಿಟ್ಟು, ಎಷ್ಟು ಬಗೆಗಳಿವೆ ಎಂದು ಬರೆದುಕೊಂಡು, ಮರಳಿ ಹಳ್ಳಕ್ಕೇ ಬಿಡಬೇಕು. ದಂಡೆಯಲ್ಲಿ ಹೊಂಗೆ, ನೇರಳೆ, ಅತ್ತಿಯ ನೆರಳಿದೆಯೇ, ಮರಳು ಬಗೆದಿದ್ದಾರೆಯೇ ಎಂಬುದನ್ನೂ ಗುರುತಿಸಬೇಕು. ಮಲೆನಾಡಿನ ತೊರೆಯನ್ನು ಬಯಲುಸೀಮೆಯ ಹಳ್ಳಕ್ಕೆ ಹೋಲಿಸುವುದು ಸಲ್ಲದು; ಬೇಸಗೆಯಲ್ಲಿ ಬತ್ತುವ ಹಳ್ಳವನ್ನು ಅದರದೇ ಕಳೆದ ವರ್ಷದ ಅದೇ ಋತುವಿನೊಡನೆ ಹೋಲಿಸಬೇಕು. ಒಂದು ಎಚ್ಚರಿಕೆ: ಜೀವಿಗಳು ಸಮೃದ್ಧವಾಗಿದ್ದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವಲ್ಲ. ವಾಂತಿಭೇದಿ, ವಿಷಮಶೀತಜ್ವರಗಳ ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಕುದಿಸಿ ಆರಿಸಿಯೇ ಕುಡಿಯಬೇಕು.

ಈ ಕೆಲಸ ಸರ್ಕಾರದ್ದೆಂದು ಕೈಕಟ್ಟಿ ಕೂರುವುದು ನಮಗೆ ಶೋಭಿಸದು. ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನವಿತ್ತ ಪರಂಪರೆ ನಮ್ಮದು. ಇಷ್ಟಲಿಂಗದ ಮಜ್ಜನಕ್ಕೆ ಅಗ್ಘವಣಿಯನ್ನು ಸೋಸಿ ತರುವ ನಾವೇ ಜಾತ್ರೆಯ ಮರುದಿನ ಊಟದೆಲೆ, ಪ್ಲಾಸ್ಟಿಕ್ ಲೋಟ, ಪಾತ್ರೆ ತೊಳೆದ ಸೋಪಿನ ನೀರನ್ನು ಹಳ್ಳಕ್ಕೆ ಬಿಡುತ್ತೇವೆ. ದಾಸೋಹದ ಪುಣ್ಯವು ಹಳ್ಳದ ಜೀವಿಗಳಿಗೆ ಮುಳುವಾಗಬಾರದು. ನಾವು ಕೆಡಿಸಿದ ನೀರು ಕೆಳಗಿನ ಊರಿನ ದನಕರುಗಳಿಗೂ ಬಾವಿಗಳಿಗೂ ಸೇರುತ್ತದೆಂಬುದನ್ನು ಮರೆಯಲಾಗದು.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಮಠಗಳ ಶಾಲೆಗಳು ತಮ್ಮ ಹತ್ತಿರದ ಹಳ್ಳವನ್ನು ಮಳೆಗಾಲ ಕಳೆದ ಮೇಲೊಮ್ಮೆ, ಬೇಸಗೆಗೆ ಮುನ್ನ ಒಮ್ಮೆ, ಗುರುಗಳ ಜೊತೆಯಲ್ಲಿ ಮಕ್ಕಳಿಂದ ನೋಡಿಸಲಿ. ಬರೆದಿಟ್ಟದ್ದನ್ನು ಗ್ರಾಮಸಭೆಯಲ್ಲಿ ಓದಲಿ. ಜಾತ್ರೆಗೆ ಮೊದಲೊಮ್ಮೆ, ಅನಂತರ ಒಮ್ಮೆ ಬರೆದ ಎರಡು ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಏನನ್ನು ತಿದ್ದಿಕೊಳ್ಳಬೇಕೆಂಬುದು ನಮಗೇ ತಿಳಿಯುತ್ತದೆ.