ಆಫೀಸಿನ ಟೈಮ್ ಬದಲಾಗ್ತದ, ಅಡಿಗಿಮನಿದು ಯಾಕ ಬದಲಾಗಂಗಿಲ್ಲ?

ಬ್ಯಾಸಗಿ ಬಂತಂದ್ರ ನಮ್ಮ ಕಡಿ ಸರ್ಕಾರಿ ಆಫೀಸಿನ ಟೈಮ್ ಬದಲಾಗ್ತದ. ಏಪ್ರಿಲ್, ಮೇ ತಿಂಗಳು ಮುಂಜಾನಿ 8ರಿಂದ ಮಧ್ಯಾಹ್ನ 1:30ರ ತನಕ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಅದರ ಜೋಡಿ ವಿಜಯಪುರ, ಬಾಗಲಕೋಟಿಗೂ ಇದೇ ಲೆಕ್ಕ. ಛಲೋನೇ ಮಾಡ್ಯಾರ. 40 ಡಿಗ್ರಿ ದಾಟಿದ ರಾಯಚೂರು ಬಿಸಿಲಾಗ ಮೂರು ಗಂಟೆಗೆ ಕುಂತು ಫೈಲ್ ನೋಡಂದ್ರ ಯಾರ ತಲಿ ಓಡ್ತದ? ಮೈ ಹೆಂಗ ಕೇಳ್ತದೋ ಹಂಗ ಕೆಲಸದ ಹೊತ್ತು ಇಡಬೇಕು ಅನ್ನೋದನ್ನ ಸರ್ಕಾರನೇ ಒಪ್ಪಿದಂಗಾತು.

ಆದ್ರ ಅಕ್ಕೋರ, ಮನಿ ಒಳಗಿನ ಲೆಕ್ಕ ಹಾಕ್ರಿ. 8ಕ್ಕ ಆಫೀಸಂದ್ರ ಮಟಮಾರಿಯಿಂದ ರಾಯಚೂರಿಗೆ ಹೋಗೋರು 7ಕ್ಕೇ ಮನಿ ಬಿಡಬೇಕು. ಅವರು ಬಿಡಬೇಕಂದ್ರ ರೊಟ್ಟಿ ಬಡಿಯೋಕಿ ನಾಲ್ಕೂವರಿಗೆ ಏಳಬೇಕು. ಮಧ್ಯಾಹ್ನ ಬಂದೋರು ಉಂಡು ಫ್ಯಾನಿನ ಕೆಳಗ ಅಡ್ಡಾಗ್ತಾರ. ಆಕಿ ಭಾಂಡಿ ತಿಕ್ಕಿ, ಬಟ್ಟಿ ಮಡಚೋದ್ರಾಗ ಚಹಾದ ಹೊತ್ತು ಬಂದಿರ್ತದ. ರಾತ್ರಿ ಕಾದ ಗೋಡಿ ಆರೋದೇ ಇಲ್ಲ, 11ರ ತನಕ ಕಣ್ಣು ಹತ್ತಂಗಿಲ್ಲ. ಎಲ್ಲಾರಿಗೂ ನೆರಳು ಸಿಕ್ಕಿತು, ಆಕಿ ನಿದ್ದಿ ಎರಡೂ ಕಡಿಯಿಂದ ಕಡಿಮಿ ಆತು.

ಎಲ್ಲಾರ ಮೈಯಾಗೂ ಒಂದು ಗಡಿಯಾರ ಅದ. ಹಣ್ಣಿನ ಮ್ಯಾಲ ಕೂಡೋ ಸಣ್ಣ ನೊಣದಾಗ ಅದು ಹೆಂಗ ನಡೀತದ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅನ್ನೋರಿಗೆ 2017ರಾಗ ನೊಬೆಲ್ ಬಂತು. ಈ ಗಡಿಯಾರ ಎಲ್ಲಾರದೂ ಒಂದೇ ನಮೂನಿ ಇರಂಗಿಲ್ಲ. ಹರೇದ ಹುಡುಗ್ರಿಗೆ ನಿದ್ದಿ ತಡಾಗಿ ಬರ್ತದ, ತಡಾಗಿ ಬಿಡ್ತದ. ವಯಸ್ಸಾದಂಗ ಬ್ಯಾಗ ನಿದ್ದಿ, ಬ್ಯಾಗ ಎಚ್ಚರ. ಅತ್ತಿ ನಸುಕಿನ್ಯಾಗ ಏಳ್ತಾಳಂದ್ರ ಅದು ಪುಣ್ಯ ಅಲ್ಲ, ಸೊಸಿ ಏಳಕ್ಕ ಎದ್ದಳಂದ್ರ ಅದು ಸೋಮಾರಿತನ ಅಲ್ಲ. ಆದ್ರೂ ಓಣ್ಯಾಗ ಮಾತು ಬರೋದು ಸೊಸಿ ಮ್ಯಾಲೇ.

ಬ್ಯಾರೆ ಥರ ಮಾಡಾಕ ಬರ್ತದ. ರಾತ್ರಿ ಚುರುಕಿರೋಕಿ ಕಾಯಿಪಲ್ಯ ಹೆಚ್ಚಿಡ್ಲಿ, ಶೇಂಗಾ ಹುರಿದಿಡ್ಲಿ, ಮೊಸರಿಗೆ ಹೆಪ್ಪು ಹಾಕ್ಲಿ, ಭಾಂಡಿ ತೊಳದು ಮಲಗ್ಲಿ. ನಸುಕಿಗೆ ತಾನಾಗೇ ಎಚ್ಚರಾಗೋರು ನೀರು ತುಂಬ್ಲಿ, ಚಹಾ ಇಡ್ಲಿ. ಅದು ಮಾವ ಆದ್ರೂ ಸೈ. ನಾಲ್ಕಕ್ಕ ಎದ್ದು ಹಾಸಿಗ್ಯಾಗ ಹೊರಳಾಡೋ ಗಂಡಸ್ರು ಎಷ್ಟು ಮಂದಿ ಇಲ್ಲ?

ಆಗಂಗಿಲ್ಲ ಅನಬ್ಯಾಡ್ರಿ. ಶಕ್ತಿನಗರದ ವಿದ್ಯುತ್ ಕೇಂದ್ರದಾಗ, ಹಟ್ಟಿ ಚಿನ್ನದ ಗಣಿಯಾಗ ರಾತ್ರಿ ಪಾಳಿ ಮಾಡೋರ ಮನಿ ನೋಡೀರಿ. ಅವರು ಹಗಲಿ ಮಲಗಿದ್ರ ಟಿವಿ ಬಂದ್, ಮಿಕ್ಸಿ ಬಂದ್, ಹುಡುಗ್ರು ಹೊರಗ. ಅಂದ್ರ ನಿದ್ದಿ ಕಾಯೋದು ನಮಗ ಗೊತ್ತದ. ಯಾರ ನಿದ್ದಿ ಕಾಯಬೇಕು ಅನ್ನೋದಷ್ಟೇ ಮಾತು.

ಹೊಲಕ್ಕ, ಉದ್ಯೋಗ ಖಾತ್ರಿಗೆ ಹೋಗೋ ನಮ್ಮ ಹೆಣ್ಮಕ್ಕಳಿಗೆ ನಸುಕಿನ್ಯಾಗ ಏಳೋದು ತಪ್ಪಂಗಿಲ್ಲ, ಬಿಸಿಲು ಏರೋದ್ರಾಗ ಕೆಲಸ ಮುಗೀಬೇಕು. ಅವರಿಗಂತೂ ಮಧ್ಯಾಹ್ನದ ನಿದ್ದಿ ಸುಖ ಅಲ್ಲ, ಹಕ್ಕು. ಈ ಬ್ಯಾಸಗಿ ಆಫೀಸಿನ ಟೈಮ್ ಬದಲಾದ ದಿನಾನೇ ಮನ್ಯಾಗ ಎಲ್ಲಾರೂ ಕುಂತು ಮಾತಾಡ್ರಿ. 2ರಿಂದ 3:30 ಒಲಿ ಹಚ್ಚೋದಿಲ್ಲ, ಯಾರೂ ಚಹಾ ಕೇಳೋದಿಲ್ಲ ಅಂತ ಗೋಡಿ ಮ್ಯಾಲ ಬರದು ಹಚ್ಚಿದ್ರೂ ಅಡ್ಡಿ ಇಲ್ಲ.